ಒಂದು ಸುತ್ತಿನ ಲೆಕ್ಕ ಗೆದ್ದ ಎಂಜಿನಿಯರ್

ಬಿ.ಇ. ಓದುತ್ತಿರುವ ನಮ್ಮಂಥವರಿಗೆ ಮನೆಯಲ್ಲಿ, ಮದುವೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: ಮುಂದೇನು? ಕೇಳುವವರು ಎರಡೇ ಉತ್ತರ ಬಯಸುತ್ತಾರೆ. ಒಂದು ಕ್ಯಾಂಪಸ್ ಸೆಲೆಕ್ಷನ್, ಇನ್ನೊಂದು ಸರ್ಕಾರಿ ನೌಕರಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಕೈಯಲ್ಲಿದ್ದೂ ಇವೆರಡನ್ನೂ ಬಿಟ್ಟು ಮೂರನೇ ಉತ್ತರ ಕೊಟ್ಟವರು ಅಮೆರಿಕದ ಕಾರ್ ರೇಸ್ ಚಾಲಕ ಅಲನ್ ಕುಲ್ವಿಕಿ. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ಆದರೂ ಸ್ವಂತ ತಂಡ ಕಟ್ಟಿ ಗೆದ್ದವರ ಮಾತು ಬಂದಾಗ ಅವರ ಹೆಸರು ಮೊದಲಿಗೆ ಬರುತ್ತದೆ.

ಅವರು ಓಡಿಸುತ್ತಿದ್ದುದು ಸ್ಟಾಕ್ ಕಾರ್. ಫಾರ್ಮುಲಾ ಒನ್ ಕಾರಿನಂತೆ ಇದರ ಚಕ್ರಗಳು ಹೊರಗೆ ಕಾಣುವುದಿಲ್ಲ. ಹೊರನೋಟಕ್ಕೆ ಶೋರೂಮಿನಲ್ಲಿ ಸಿಗುವ ಕಾರಿನ ಹಾಗೆಯೇ ಇರುತ್ತದೆ, ಒಳಗಿನ ಚೌಕಟ್ಟು ಮತ್ತು ಎಂಜಿನ್ ಮಾತ್ರ ಓಟಕ್ಕೆಂದೇ ಕಟ್ಟಿದ್ದು. ಅಮೆರಿಕದಲ್ಲಿ ಈ ಸ್ಪರ್ಧೆಗಳನ್ನು ನಡೆಸುವ ದೊಡ್ಡ ಸಂಸ್ಥೆ ನಾಸ್ಕಾರ್. ಅಲ್ಲಿ ಸಾಮಾನ್ಯವಾಗಿ ಹಣ ಹಾಕುವ ಮಾಲೀಕ ಒಬ್ಬ, ಕಾರು ಓಡಿಸುವವ ಇನ್ನೊಬ್ಬ, ಮೆಕ್ಯಾನಿಕ್‌ಗಳ ಮುಖ್ಯಸ್ಥ ಮತ್ತೊಬ್ಬ. ನಮ್ಮ ಕಡೆಯ ತೆರೆಬಂಡಿ ಸ್ಪರ್ಧೆಯಲ್ಲಿ ಎತ್ತು ಸಾಕಿದ ರೈತ ತಾನೇ ಬಂಡಿ ಹೊಡೆಯಲು ನಿಂತರೆ ಹೇಗಿರುತ್ತದೋ, ಹಾಗೆ ಈ ಮೂರೂ ಕೆಲಸ ಹೊತ್ತು ನಿಂತವರು ಕುಲ್ವಿಕಿ.

ಅವರು ಹುಟ್ಟಿದ್ದು 1954ರ ಡಿಸೆಂಬರ್ 14ರಂದು, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಪಕ್ಕದ ಗ್ರೀನ್‌ಫೀಲ್ಡ್‌ನಲ್ಲಿ. ಪೋಲೆಂಡ್ ಮೂಲದ ಕುಟುಂಬ. ತಂದೆ ರೇಸ್ ಕಾರುಗಳ ಎಂಜಿನ್ ಕಟ್ಟುವವರು, ಕೆಲಸದ ಮೇಲೆ ಊರೂರು ಸುತ್ತುತ್ತಿದ್ದರು. ಬಾಲ್ಯದಲ್ಲೇ ತಾಯಿ ತೀರಿಕೊಂಡರು. ಅಜ್ಜಿಯ ಆಸರೆಯೂ ಬಹಳ ದಿನ ಉಳಿಯಲಿಲ್ಲ. ಇದ್ದೊಬ್ಬ ಸಹೋದರನನ್ನೂ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಒಯ್ದಿತು. ಹದಿಮೂರನೇ ವಯಸ್ಸಿಗೆ ಗೋ-ಕಾರ್ಟ್ ಓಡಿಸಲು ಶುರು ಮಾಡಿದ ಹುಡುಗ, ರೇಸಿನ ಜೊತೆಗೇ ಓದಿ 1977ರಲ್ಲಿ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆಗ ನಾಸ್ಕಾರ್‌ನಲ್ಲಿ ಪದವೀಧರ ಚಾಲಕರು ವಿರಳ. ಗ್ಯಾರೇಜಿನಲ್ಲೇ ಬೆಳೆದು ಕಲಿತವರೇ ಹೆಚ್ಚು.

ತಮ್ಮ ರಾಜ್ಯದ ಸಣ್ಣ ಟ್ರ್ಯಾಕುಗಳಲ್ಲಿ ಹೆಸರು ಮಾಡಿದ ಮೇಲೆ, 1985ರಲ್ಲಿ ತಮ್ಮ ಬಳಿ ಇದ್ದ ಬಹುತೇಕ ಸಾಮಾನುಗಳನ್ನು ಮಾರಿ, ರೇಸಿಂಗ್ ಉದ್ಯಮದ ಕೇಂದ್ರವಾದ ಉತ್ತರ ಕೆರೊಲಿನಾದ ಷಾರ್ಲೆಟ್ ನಗರಕ್ಕೆ ಹೊರಟರು. ಹೊರಡುವ ಎರಡು ದಿನ ಮೊದಲು ಬೆಂಕಿ ಬಿದ್ದು ಅವರ ಟ್ರಕ್ ಸುಟ್ಟುಹೋಯಿತು. ಬೇರೊಂದು ಟ್ರಕ್ ಎರವಲು ತಂದು, ಅದಕ್ಕೆ ಟ್ರೇಲರ್ ಕಟ್ಟಿಕೊಂಡು ಸುಮಾರು 1,400 ಕಿ.ಮೀ. ದಾರಿ ಹಿಡಿದರು. ಆ ವರ್ಷ ಬಿಲ್ ಟೆರಿ ಎಂಬ ಮಾಲೀಕರ ಕಾರಿನಲ್ಲಿ ಐದು ರೇಸ್ ಸಿಕ್ಕವು. 1986ರ ನಡುವಿನಲ್ಲಿ ಟೆರಿ ಕೈಬಿಟ್ಟರು. ಊರಿಗೆ ವಾಪಸ್ ಹೋಗುವ ಬದಲು ಕುಲ್ವಿಕಿ ತಮ್ಮದೇ ತಂಡ ಕಟ್ಟಿದರು. ಹೆಸರು ಎ.ಕೆ. ರೇಸಿಂಗ್. ಬಂಡವಾಳ ಒಂದು ಕಾರು, ಎರಡು ಎಂಜಿನ್, ಪೂರ್ಣಾವಧಿಯ ಇಬ್ಬರು ಕೆಲಸಗಾರರು. ಆ ವರ್ಷದ ಶ್ರೇಷ್ಠ ಹೊಸ ಚಾಲಕ ಪ್ರಶಸ್ತಿ ಅವರಿಗೇ ಬಂತು.

ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಕಟ್ಟಿದವನು ಶಿಲ್ಪಿ ಗುಂಡ. ಇಬ್ಬರ ಹೆಸರೂ ಶಾಸನದಲ್ಲಿದೆ. ಕಟ್ಟಿಸುವವರು ಬೇರೆ, ಕಟ್ಟುವವರು ಬೇರೆ ಎಂಬುದು ಹಳೆಯ ಪದ್ಧತಿ. ಇವೆರಡನ್ನೂ ಒಬ್ಬರೇ ಮಾಡಹೊರಟರೆ ಹಣವೂ ತಮ್ಮದೇ ಹೋಗಬೇಕು, ನಿದ್ದೆಯೂ ತಮ್ಮದೇ ಹೋಗಬೇಕು. ಕುಲ್ವಿಕಿಗೆ ಆದದ್ದೂ ಅದೇ. ಬ್ರೀಫ್‌ಕೇಸ್ ಹಿಡಿದು ರೇಸಿಗೆ ಬರುತ್ತಿದ್ದ ಅವರು ಪ್ರತಿ ನಟ್ಟು-ಬೋಲ್ಟನ್ನೂ ತಾವೇ ನೋಡಬೇಕೆನ್ನುವ ಸ್ವಭಾವದವರು. ಇದರಿಂದ ಬೇಸತ್ತು ತಂಡ ಬಿಟ್ಟ ಕೆಲಸಗಾರರೂ ಇದ್ದರು. 1988ರಲ್ಲಿ ಪಾಲ್ ಆಂಡ್ರ್ಯೂಸ್ ಕ್ರ್ಯೂ ಚೀಫ್ ಆಗಿ ಬಂದ ಮೇಲೆ ಭಾರ ಸ್ವಲ್ಪ ಹಂಚಿಕೆಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಗೆಲುವು. ಗೆದ್ದವರು ಓಟದ ದಿಕ್ಕಿನಲ್ಲೇ ಒಂದು ಸುತ್ತು ಹಾಕುವುದು ರೂಢಿ. ಕುಲ್ವಿಕಿ ಕಾರನ್ನು ತಿರುಗಿಸಿ ಉಲ್ಟಾ ಸುತ್ತು ಹಾಕಿದರು. ಹಾಗೆ ಹೋದರೆ ಎಡಬದಿಯಲ್ಲಿ ಕೂತ ಚಾಲಕ ಪ್ರೇಕ್ಷಕರ ಕಡೆಗೇ ಬರುತ್ತಾನೆ, ಕೈಬೀಸಿದರೆ ಕಾಣುತ್ತದೆ.

ದೊಡ್ಡ ಪರೀಕ್ಷೆ ಬಂದದ್ದು 1990ರಲ್ಲಿ. ಹೆಸರಾಂತ ಮಾಲೀಕ ಜೂನಿಯರ್ ಜಾನ್ಸನ್ ತಮ್ಮ ತಂಡಕ್ಕೆ ಓಡಿಸಲು ಕರೆದರು. ಕುಲ್ವಿಕಿ ಒಪ್ಪಲಿಲ್ಲ. ಆ ವರ್ಷದ ಕೊನೆಗೆ ಕುಲ್ವಿಕಿಯ ಪ್ರಾಯೋಜಕ ಕಂಪನಿ ಹಿಂದೆ ಸರಿದಾಗ ಜಾನ್ಸನ್ ಮತ್ತೆ ಬಂದು ಹತ್ತು ಲಕ್ಷ ಡಾಲರ್ ಮುಂದಿಟ್ಟರು. ಕಾಫಿ ಕಂಪನಿಯೊಂದು ಪ್ರಾಯೋಜಕತ್ವ ಕೊಡುತ್ತದೆಂಬ ನಂಬಿಕೆಯಲ್ಲಿ ಕುಲ್ವಿಕಿ ಮತ್ತೆ ಬೇಡವೆಂದರು. ಕೊನೆಗೆ ಆ ಪ್ರಾಯೋಜಕತ್ವ ಜಾನ್ಸನ್ ತಂಡದ ಪಾಲಾಯಿತು. 1991ರ ಋತುವಿನ ಆರಂಭದಲ್ಲಿ ಕುಲ್ವಿಕಿ ತಂಡದ ಖರ್ಚನ್ನು ತಮ್ಮ ಜೇಬಿನಿಂದಲೇ ಹಾಕಬೇಕಾಯಿತು. ಅದೃಷ್ಟ ತಿರುಗಿದ್ದು ಅಟ್ಲಾಂಟಾದಲ್ಲಿ. ಹೂಟರ್ಸ್ ಎಂಬ ಹೋಟೆಲ್ ಕಂಪನಿ ಹಣ ಹಾಕಿದ್ದ ಕಾರು ಅರ್ಹತಾ ಸುತ್ತಿನಲ್ಲೇ ಹೊರಬಿತ್ತು. ಅದೇ ಸುತ್ತಿನಲ್ಲಿ ಕುಲ್ವಿಕಿ ಎಲ್ಲರಿಗಿಂತ ವೇಗವಾಗಿ ಓಡಿಸಿದ್ದರು, ಅವರ ಕಾರಿನ ಮೇಲೆ ಯಾರ ಹೆಸರೂ ಇರಲಿಲ್ಲ. ಕಂಪನಿ ಅವರ ಕೈಹಿಡಿಯಿತು.

1992ರ ಚಾಂಪಿಯನ್‌ಷಿಪ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಬೇಕಾದದ್ದು. ಆರು ರೇಸ್ ಬಾಕಿ ಇರುವಾಗ ಕುಲ್ವಿಕಿ 278 ಅಂಕ ಹಿಂದಿದ್ದರು. ಮುಂದಿದ್ದವರು ಬಿಲ್ ಎಲಿಯಟ್, ಅದೂ ಜೂನಿಯರ್ ಜಾನ್ಸನ್ ಅವರ ಕಾರಿನಲ್ಲಿ! ನವೆಂಬರ್ 15ರಂದು ಅಟ್ಲಾಂಟಾದ ಕೊನೆಯ ರೇಸಿನ ಹೊತ್ತಿಗೆ ಡೇವಿ ಆಲಿಸನ್ ಮೊದಲಿಗರಾಗಿದ್ದರು. ಕುಲ್ವಿಕಿ ಅವರಿಗಿಂತ 30 ಅಂಕ, ಎಲಿಯಟ್ 40 ಅಂಕ ಹಿಂದೆ. ಕುಲ್ವಿಕಿ ತಮ್ಮ ಫೋರ್ಡ್ ಥಂಡರ್‌ಬರ್ಡ್ ಕಾರಿನ ಮುಂಭಾಗದ ಹೆಸರಿನಲ್ಲಿ ಮೊದಲೆರಡು ಅಕ್ಷರ ತೆಗೆಸಿ ‘ಅಂಡರ್‌ಬರ್ಡ್’ ಮಾಡಿಸಿದ್ದರು. ದೊಡ್ಡವರ ನಡುವೆ ತಾನು ಚಿಕ್ಕವನೆಂದು ತಾವೇ ಮಾಡಿಕೊಂಡ ತಮಾಷೆ ಅದು.

ರೇಸಿನಲ್ಲಿ ಮೊದಲ ಪಿಟ್ ನಿಲುಗಡೆಯಲ್ಲೇ ಅವರ ಕಾರಿನ ಫಸ್ಟ್ ಗೇರ್ ಮುರಿಯಿತು. ಆಮೇಲೆ ಪ್ರತಿ ಸಲವೂ ಪಿಟ್‌ನಿಂದ ಮೇಲಿನ ಗೇರಿನಲ್ಲೇ ತೆವಳುತ್ತಾ ಹೊರಡಬೇಕಾಯಿತು. 254ನೇ ಸುತ್ತಿನಲ್ಲಿ ಆಲಿಸನ್ ಅಪಘಾತದಲ್ಲಿ ಸಿಲುಕಿದರು. ಉಳಿದದ್ದು ಕುಲ್ವಿಕಿ ಮತ್ತು ಎಲಿಯಟ್. ನಿಯಮ ಹೀಗಿತ್ತು: ಗೆದ್ದವರಿಗೆ ಎರಡನೆಯವರಿಗಿಂತ 5 ಅಂಕ ಹೆಚ್ಚು, ಅತಿ ಹೆಚ್ಚು ಸುತ್ತು ಮುಂಚೂಣಿಯಲ್ಲಿದ್ದವರಿಗೆ ಬೇರೆ 5 ಅಂಕ. ಕುಲ್ವಿಕಿ, ಆಂಡ್ರ್ಯೂಸ್ ಲೆಕ್ಕ ಹಾಕಿ, ಎಲಿಯಟ್ ಇನ್ನು ಮೀರಲಾಗದಷ್ಟು ಸುತ್ತು ಮುಂದಿದ್ದ ಮೇಲೆಯೇ, 310ನೇ ಸುತ್ತಿಗೆ, ಇಂಧನಕ್ಕಾಗಿ ಪಿಟ್‌ಗೆ ಬಂದರು. 328 ಸುತ್ತುಗಳ ರೇಸನ್ನು ಎಲಿಯಟ್ ಗೆದ್ದರು, ಕುಲ್ವಿಕಿ ಎರಡನೆಯವರು. ಆದರೆ ಮುಂಚೂಣಿಯಲ್ಲಿ ಕುಲ್ವಿಕಿ ಇದ್ದದ್ದು 103 ಸುತ್ತು, ಎಲಿಯಟ್ 102. ಒಟ್ಟು ಅಂಕ 4,078ಕ್ಕೆ 4,068. ಆ ಒಂದು ಸುತ್ತು ಅದಲುಬದಲಾಗಿದ್ದರೆ ಇಬ್ಬರ ಅಂಕ ಸಮವಾಗಿ, ಹೆಚ್ಚು ರೇಸ್ ಗೆದ್ದಿದ್ದ ಎಲಿಯಟ್ ಚಾಂಪಿಯನ್ ಆಗುತ್ತಿದ್ದರು. ಗೆದ್ದ ಕುಲ್ವಿಕಿ ಟಿ.ವಿ. ಕ್ಯಾಮೆರಾಗಳು ಕಾಯುತ್ತಿದ್ದರೂ ಅವಸರ ಮಾಡದೆ, ಮೊದಲು ತಲೆ ಬಾಚಿಕೊಂಡರಂತೆ.

ಆ ಸಂತೋಷ ಐದು ತಿಂಗಳೂ ಉಳಿಯಲಿಲ್ಲ. 1993ರ ಏಪ್ರಿಲ್ 1ರಂದು ಪ್ರಾಯೋಜಕರ ಕಾರ್ಯಕ್ರಮ ಮುಗಿಸಿ ಬ್ರಿಸ್ಟಲ್ ರೇಸಿಗೆ ಬರುತ್ತಿದ್ದಾಗ ಟೆನೆಸಿ ರಾಜ್ಯದ ಬ್ಲೌಂಟ್‌ವಿಲ್ ಬಳಿ ಅವರಿದ್ದ ಸಣ್ಣ ವಿಮಾನ ಬಿದ್ದು ನಾಲ್ವರೂ ಸತ್ತರು. ಕುಲ್ವಿಕಿಗೆ ಆಗ 38 ವರ್ಷ. ಗಾಳಿ ಒಳಹೋಗುವ ಬಾಯಲ್ಲಿ ಕಟ್ಟಿದ ಮಂಜುಗಡ್ಡೆ ಎಂಜಿನ್ ಸೇರಿ ಶಕ್ತಿ ಕುಂದಿತ್ತು. ಮೂರು ದಿನದ ನಂತರ ಬ್ರಿಸ್ಟಲ್‌ನಲ್ಲಿ ಗೆದ್ದ ರಸ್ಟಿ ವಾಲೇಸ್ ಅವರ ನೆನಪಿಗೆ ಉಲ್ಟಾ ಸುತ್ತು ಹಾಕಿದರು. ತಂಡವನ್ನು ಚಾಲಕ ಜೆಫ್ ಬೊಡೀನ್ ಕೊಂಡುಕೊಂಡರು. ಎಲ್ಲವೂ ಒಬ್ಬರ ಮೇಲೇ ನಿಂತಿದ್ದ ತಂಡ ಅವರ ಹೆಸರಿನಲ್ಲಿ ಉಳಿಯಲಿಲ್ಲ. ಸ್ವಂತ ಉದ್ಯಮ ಕಟ್ಟುವವರು ಈ ಮಾತನ್ನೂ ಮರೆಯಬಾರದು.

ಹಾಗಾದರೆ ಸಂಬಳದ ಕೆಲಸ ಬಿಡಬೇಕೇ? ಎಲ್ಲರಿಗೂ ಅದು ಆಗದು. ಮನೆಯ ಸಾಲ, ತಂಗಿಯ ಓದು ಹೆಗಲ ಮೇಲಿರುವವರಿಗೆ ತಿಂಗಳ ಸಂಬಳವೇ ದೊಡ್ಡ ಧೈರ್ಯ. ಹೆಂಡತಿ-ಮಕ್ಕಳಿಲ್ಲದ ಕುಲ್ವಿಕಿ ನಷ್ಟವಾದರೆ ತಾವೊಬ್ಬರೇ ತಾಳಿಕೊಳ್ಳಬಹುದಿತ್ತು. ನಾವು ಅವರಿಂದ ಕಲಿಯಬೇಕಾದದ್ದು ಹತ್ತು ಲಕ್ಷ ಡಾಲರ್ ಬೇಡವೆಂದ ಹಟವೊಂದನ್ನೇ ಅಲ್ಲ. ಓದಿದ್ದನ್ನು ಪರೀಕ್ಷೆಯ ಹಾಳೆಯಲ್ಲಿ ಬಿಟ್ಟುಬರದೆ ಗೇರು, ಇಂಧನ, ಸುತ್ತುಗಳ ಲೆಕ್ಕದಲ್ಲಿ ಬಳಸಿದ ರೀತಿಯನ್ನೂ ಕಲಿಯಬೇಕು. 2015ರಿಂದ ಅವರ ಹೆಸರಿನ ಯೋಜನೆಯೊಂದು ಸಣ್ಣ ಟ್ರ್ಯಾಕುಗಳ ಯುವ ಚಾಲಕರಿಗೆ ನೆರವಾಗುತ್ತಿದೆ. ಎರವಲು ಟ್ರಕ್‌ನಲ್ಲಿ ಊರು ಬಿಟ್ಟವರ ಹೆಸರು ಈಗ ಬೇರೆಯವರ ದಾರಿಖರ್ಚಿಗೆ ಆಗುತ್ತಿದೆ.