ಕಾಲಿನ ಆಣಿಗೆ ಬೇರು ಇದೆಯೇ? ಪಾದಗಳ ಹಿಂದೆ ಬಿದ್ದ ಡಾ. ಶೋಲ್ ಅವರ ಬದುಕು ಹೇಳುವ ಸತ್ಯ

ಕಾಲಿನ ಆಣಿಗೆ ಬೆಳ್ಳುಳ್ಳಿ ಜಜ್ಜಿ ಕಟ್ಟಿ, ಸುಣ್ಣ ಹಚ್ಚಿ, ಬ್ಲೇಡಿನಿಂದ ಬೇರು ಸಮೇತ ತೆಗೆಯಿರಿ ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇನ್ನೊಂದು ಕಡೆ, ಮೆಡಿಕಲ್ ಶಾಪಿನಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಕಾರ್ನ್ ಕ್ಯಾಪ್ ಸಿಗುತ್ತದೆ. ಅಂಟಿಸಿದರೆ ಆಣಿ ಹೋಗುತ್ತದೆ, ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಬೇರು ಒಳಗೇ ಉಳಿದಿದೆ ಎಂದು ನಾವು ಅಂದುಕೊಳ್ಳುತ್ತೇವೆ.

ನಿಜ ಸಂಗತಿ ಬೇರೆಯೇ ಇದೆ. ಅದನ್ನು ತಿಳಿಯಲು, ಆಣಿಯ ಪಟ್ಟಿಗಳನ್ನು ದೇಶದೇಶಗಳಿಗೆ ಮುಟ್ಟಿಸಿದ ಒಬ್ಬ ವ್ಯಕ್ತಿಯ ಕಥೆ ನೋಡೋಣ. ಅವರು ಡಾ. ವಿಲಿಯಂ ಮಥಾಯಸ್ ಶೋಲ್. ಪಾದದ ಆರೈಕೆಯ ಡಬ್ಬಿಗಳ ಮೇಲೆ ಇಂದಿಗೂ ಕಾಣುವ ಆ ಹೆಸರು ಜಾಹೀರಾತಿಗಾಗಿ ಹುಟ್ಟಿಸಿದ್ದಲ್ಲ, ನಿಜವಾಗಿ ಬದುಕಿದ್ದವರದು.

ರೈತನ ಮಗ, ಚಪ್ಪಲಿ ಅಂಗಡಿಯ ಕೆಲಸಗಾರ

ಶೋಲ್ ಹುಟ್ಟಿದ್ದು 1882ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನ ಬಳಿ. ರೈತ ಕುಟುಂಬ, ಮನೆ ತುಂಬ ಮಕ್ಕಳು. ಮನೆಯವರ ಶೂ ಹರಿದರೆ ಹೊಲಿದುಕೊಡುವ ಕೆಲಸ ಈ ಹುಡುಗನದೇ. ಅದಕ್ಕೆ ಬೇಕಾದ ಮೇಣದ ದಾರವನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಹದಿಹರೆಯದಲ್ಲೇ ಒಬ್ಬ ಶೂ ಮಾಡುವವರ ಬಳಿ ಕೆಲಸ ಕಲಿತು, ಮುಂದೆ ಷಿಕಾಗೋ ನಗರಕ್ಕೆ ಹೋಗಿ ಶೂ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕೆ ಸೇರಿದರು.

ಅಲ್ಲಿ ದಿನವೂ ಅವರ ಕಣ್ಣಿಗೆ ಬಿದ್ದದ್ದು ಗಿರಾಕಿಗಳ ಪಾದಗಳು. ಆಣಿಗಳು, ಜಡ್ಡುಗಟ್ಟಿದ ಚರ್ಮ, ಒಂದರ ಮೇಲೊಂದು ಏರಿದ ಬೆರಳುಗಳು. ಜನ ತಮ್ಮ ಪಾದದ ಆಕಾರಕ್ಕೆ ಹೊಂದದ ಶೂ ಕೊಳ್ಳುತ್ತಿದ್ದರು, ನೋವನ್ನು ಸಹಿಸಿಕೊಂಡು ನಡೆಯುತ್ತಿದ್ದರು. ಪಾದದ ಬಗ್ಗೆ ಸರಿಯಾಗಿ ತಿಳಿಯಬೇಕೆಂದು ಶೋಲ್ ಹಗಲು ದುಡಿಯುತ್ತಾ ರಾತ್ರಿ ತರಗತಿಗಳಲ್ಲಿ ವೈದ್ಯಕೀಯ ಓದಿದರು. 1904ರಲ್ಲಿ ಓದು ಮುಗಿಯಿತು. ಅದೇ ಹೊತ್ತಿಗೆ ಪಾದದ ಕಮಾನಿಗೆ ಆಸರೆ ಕೊಡುವ, ಶೂ ಒಳಗೆ ಇಡುವ ಒಂದು ಸಾಧನವನ್ನು ಮಾಡಿದರು. ಫುಟ್ ಈಜರ್ ಎಂಬ ಆ ಸಾಧನವೇ ಅವರ ವ್ಯಾಪಾರದ ಆರಂಭ.

ಮಾರಾಟದಲ್ಲಿ ಅವರು ಬಲು ಚತುರರು. ಮನುಷ್ಯನ ಪಾದದ ಅಸ್ಥಿಪಂಜರವನ್ನು ಜೊತೆಗೆ ಒಯ್ದು, ಅಂಗಡಿಯ ಮೇಜಿನ ಮೇಲಿಟ್ಟು, ಯಾವ ಮೂಳೆ ಹೇಗೆ ಭಾರ ಹೊರುತ್ತದೆ ಎಂದು ತೋರಿಸುತ್ತಿದ್ದರು. 1912ರಲ್ಲಿ ಷಿಕಾಗೋದಲ್ಲಿ ಪಾದ ಚಿಕಿತ್ಸೆಯ ಕಾಲೇಜು ಕಟ್ಟಿದರು. ಅದು ಅವರ ಹೆಸರಿನಲ್ಲೇ ಇಂದಿಗೂ ನಡೆಯುತ್ತಿದೆ. 1915ರಲ್ಲಿ ಪಾದದ ರಚನೆ ಮತ್ತು ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಆಣಿಗೆ ಅಂಟಿಸುವ ಜೀನೋ ಪ್ಯಾಡ್ ಎಂಬ ಪಟ್ಟಿಗಳೂ ಅವರ ಕಂಪನಿಯಿಂದಲೇ ಬಂದು ಮನೆಮಾತಾದವು.

ಪಟ್ಟಿ ಏನು ಮಾಡುತ್ತದೆ?

ಆಣಿ ಎಂದರೆ ಮೊಳೆ ಎಂಬ ಅರ್ಥವೂ ನಮ್ಮ ಭಾಷೆಯಲ್ಲಿದೆ. ಮೊಳೆ ಚುಚ್ಚಿದಂತೆ ನೋಯುವುದರಿಂದ ಆ ಹೆಸರು ಸರಿಯಾಗಿಯೇ ಹೊಂದುತ್ತದೆ. ಆದರೆ ಅದಕ್ಕೆ ಗಿಡದ ಹಾಗೆ ಬೇರಿಲ್ಲ. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಒತ್ತಡ, ಉಜ್ಜಾಟ ಬಿದ್ದಾಗ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಆ ದಪ್ಪ ಚರ್ಮದ ನಡುಭಾಗ ಶಂಕುವಿನ ಆಕಾರದಲ್ಲಿ ಗಟ್ಟಿಯಾಗಿ ಒಳಗೆ ಒತ್ತುತ್ತದೆ. ನಾವು ಬೇರು ಎನ್ನುವುದು ಇದನ್ನೇ. ಅದು ಸತ್ತ ಚರ್ಮ, ಅಷ್ಟೇ.

ಕಾರ್ನ್ ಕ್ಯಾಪ್‌ನಲ್ಲಿ ಸಾಮಾನ್ಯವಾಗಿ ಇರುವುದು ಸ್ಯಾಲಿಸಿಲಿಕ್ ಆಮ್ಲ, ಹೆಚ್ಚಾಗಿ ಶೇ. 40ರಷ್ಟು. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟನ್ನು ಇದು ಸಡಿಲಿಸುತ್ತದೆ. ಗಟ್ಟಿ ಚರ್ಮ ಬೆಳ್ಳಗಾಗಿ, ಮೆತ್ತಗಾಗಿ ಉದುರುತ್ತದೆ. ಸುತ್ತಲಿನ ಉಂಗುರದಂಥ ಪಟ್ಟಿ ಒತ್ತಡವನ್ನು ಸ್ವಲ್ಪ ದೂರ ಇಡುತ್ತದೆ. ಹಾಗಾಗಿ ಕಾರ್ನ್ ಕ್ಯಾಪ್ ಮೋಸವಲ್ಲ, ಕೆಲಸ ಮಾಡುತ್ತದೆ. ಆದರೆ ಅದು ತೆಗೆಯುವುದು ಪರಿಣಾಮವನ್ನು, ಕಾರಣವನ್ನಲ್ಲ. ಅದೇ ಬಿಗಿ ಶೂ ಹಾಕಿಕೊಂಡರೆ ಚರ್ಮ ಮತ್ತೆ ದಪ್ಪವಾಗಲೇಬೇಕು.

ಶೋಲ್ ಅವರ ಬದುಕಿನ ವಿಶೇಷ ಇಲ್ಲಿದೆ. ಪಟ್ಟಿ ಮಾರಿದವರೇ, ಪಾದ ನೋಡಿ ಶೂ ಕೊಡುವುದನ್ನು ಅಂಗಡಿಯವರಿಗೆ ಕಲಿಸಲೂ ಹೊರಟಿದ್ದರು. ಜನ ಪಟ್ಟಿಯನ್ನು ನೆನಪಿಟ್ಟುಕೊಂಡರು, ಶೂ ಪಾಠವನ್ನು ಮರೆತರು.

ಯಾರು ಮುಟ್ಟಬಾರದು?

ಈ ಆಮ್ಲಕ್ಕೆ ಗಟ್ಟಿ ಚರ್ಮ ಯಾವುದು, ಒಳ್ಳೆಯ ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹಲವರಿಗೆ ಪಾದದಲ್ಲಿ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ, ರಕ್ತ ಸಂಚಾರವೂ ಕಡಿಮೆ ಇರಬಹುದು. ಸುಟ್ಟರೂ ನೋವಾಗದು, ಗಾಯ ಬೇಗ ಮಾಯದು. ಸಣ್ಣ ಹುಣ್ಣು ಕೀವಾಗಿ ಬೆರಳನ್ನೇ ಕತ್ತರಿಸುವ ಹಂತಕ್ಕೆ ಹೋಗಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತ ಸಂಚಾರದ ತೊಂದರೆ ಇರುವವರು ಕಾರ್ನ್ ಕ್ಯಾಪ್, ಬ್ಲೇಡು ಎರಡನ್ನೂ ಮುಟ್ಟದೆ ಡಾಕ್ಟರಿಗೆ ತೋರಿಸಬೇಕು. ಬೆಳ್ಳುಳ್ಳಿ, ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ ಇವೂ ಚರ್ಮ ಸುಡುತ್ತವೆ. ಇವನ್ನು ಯಾರೂ ಹಚ್ಚಬಾರದು.

ಉಳಿದವರು ಹೀಗೆ ಮಾಡಿ

1. ಪಾದವನ್ನು ಬೆಚ್ಚಗಿನ ನೀರಿನಲ್ಲಿ 5 ನಿಮಿಷ ನೆನೆಸಿ, ಚೆನ್ನಾಗಿ ಒರೆಸಿ, ಔಷಧಿ ಆಣಿಯ ಮೇಲಷ್ಟೇ ಬೀಳುವಂತೆ ಪಟ್ಟಿ ಅಂಟಿಸಿ.
2. 48 ಗಂಟೆಗಳಾದ ಮೇಲೆ ತೆಗೆಯಿರಿ. ಬೇಕಿದ್ದರೆ ಹೊಸದು ಹಾಕಿ. 14 ದಿನ ದಾಟಿಸಬೇಡಿ. ಉರಿ, ಕೆಂಪು, ಕೀವು ಕಂಡರೆ ಅಲ್ಲಿಗೇ ನಿಲ್ಲಿಸಿ.
3. ಕಪ್ಪು ಚುಕ್ಕಿಗಳಿದ್ದು, ಎರಡೂ ಬದಿಯಿಂದ ಹಿಂಡಿದಾಗ ಹೆಚ್ಚು ನೋವಾದರೆ ಅದು ವೈರಸ್‌ನಿಂದ ಬರುವ ನರುಲಿ ಇರಬಹುದು. ಡಾಕ್ಟರಿಗೆ ತೋರಿಸಿ.
4. ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆದು, ಅದರ ಮೇಲೆ ನಿಮ್ಮ ಶೂ ಇಟ್ಟು ನೋಡಿ. ಗೆರೆ ಹೊರಗೆ ಕಂಡರೆ ಆಣಿಯ ಕಾರಣ ಬಹುಶಃ ಸಿಕ್ಕಿತು. ಹೊಸ ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ.

ಶೋಲ್ ಮದುವೆಯಾಗಲಿಲ್ಲ. ಶ್ರೀಮಂತರಾದ ಮೇಲೂ ಷಿಕಾಗೋದ ಒಂದು ಕ್ಲಬ್ಬಿನ ಸಣ್ಣ ಕೋಣೆಯಲ್ಲೇ ವಾಸಿಸಿದರು. 1968ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಟ್ಟಿಗಳು ಇಂದಿಗೂ ಮಾರಾಟವಾಗುತ್ತಿವೆ.

ಆಣಿ ಬೇರಿನಿಂದ ಬರುವುದಿಲ್ಲ, ಒತ್ತಡದಿಂದ ಬರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಇದನ್ನು ಅವರಿಗೆ ಇಂದೇ ಓದಿ ಹೇಳಿ. ಬೆಳ್ಳುಳ್ಳಿಯ ಸಂದೇಶ ಬಂದ ಗ್ರೂಪಿಗೂ ಕಳುಹಿಸಿ.