ಕೈಲಾಸಂ ಹೇಳಿದರು, ಗೆಳೆಯರು ಬರೆದುಕೊಂಡರು

ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆಡೋಣ ಎಂಬ ಮಾತು ಬಂದರೆ ಸಾಕು, ಗುಂಪಿನಲ್ಲಿ ಒಬ್ಬರಾದರೂ ಟಿ.ಪಿ. ಕೈಲಾಸಂ ಅವರ ಹೆಸರು ಎತ್ತುತ್ತಾರೆ. ಪಾತ್ರಗಳು ಕಡಿಮೆ. ನಾಲ್ಕು ಕುರ್ಚಿ, ಒಂದು ಮೇಜು ಇದ್ದರೆ ರಂಗಸಜ್ಜಿಕೆ ಮುಗಿಯಿತು. ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ, ಸಭಿಕರೂ ನಗುತ್ತಾರೆ. ಹಾಗಾಗಿ ಅವರ ಪುಟ್ಟ ನಾಟಕಗಳ ಜೆರಾಕ್ಸ್ ಪ್ರತಿಗಳು ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಇಂದಿಗೂ ಓಡಾಡುತ್ತಿವೆ. ಆದರೆ ನಾವು ಉರುಹೊಡೆಯುವ ಆ ಮಾತುಗಳಲ್ಲಿ ಅನೇಕವನ್ನು ಕೈಲಾಸಂ ಲೇಖನಿ ಹಿಡಿದು ಬರೆದವರಲ್ಲ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ಹೇಳುತ್ತಿದ್ದರು. ಪಕ್ಕದಲ್ಲಿ ಕುಳಿತ ಗೆಳೆಯರು ಬರೆದುಕೊಳ್ಳುತ್ತಿದ್ದರು.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ಮನೆಮಾತು ತಮಿಳು, ಬೆಳೆದದ್ದು ಮೈಸೂರು ಸೀಮೆಯಲ್ಲಿ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಶಿಸ್ತಿನ ಮನುಷ್ಯ, ದೊಡ್ಡ ಓದುಗ. ವೇದದ ಋಕ್ಕುಗಳನ್ನು ಭೂವಿಜ್ಞಾನದ ಕಣ್ಣಿನಿಂದ ನೋಡಿ ಪುಸ್ತಕ ಬರೆದವರು. ಇಂಥ ಮನೆಯ ಹುಡುಗ ಏನಾಗಬೇಕು ಎಂಬುದು ಮೊದಲೇ ತೀರ್ಮಾನವಾದ ಹಾಗೆ ಇತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು, ಆಮೇಲೆ 1908ರಲ್ಲಿ ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಪಯಣ. ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದ ಅವರು ಊರಿಗೆ ಮರಳಿದ್ದು 1915ರಲ್ಲಿ.

ಆ ಏಳು ವರ್ಷಗಳಲ್ಲಿ ಅವರು ಕಲ್ಲುಮಣ್ಣುಗಳ ಪಾಠವನ್ನಷ್ಟೇ ಕಲಿಯಲಿಲ್ಲ. ಸಂಜೆಯಾದರೆ ಲಂಡನ್ನಿನ ರಂಗಮಂದಿರಗಳು, ಹಾಡು-ಹಾಸ್ಯದ ಸಭಾಂಗಣಗಳು ಅವರನ್ನು ಕರೆಯುತ್ತಿದ್ದವು. ದಿನನಿತ್ಯದ ಉಡುಪು ತೊಟ್ಟ ಜನ, ಮನೆಯ ಪಡಸಾಲೆಯಂತೆಯೇ ಕಾಣುವ ರಂಗದ ಮೇಲೆ, ಮನೆಯಲ್ಲಿ ಆಡುವ ಮಾತನ್ನೇ ಆಡುವ ನಾಟಕಗಳನ್ನು ಅವರು ಕಂಡರು. ಒಬ್ಬನೇ ನಟ ಬರಿಯ ದನಿ, ಹುಬ್ಬು, ಕೈಬೆರಳುಗಳಿಂದ ಸಭೆಯನ್ನೆಲ್ಲ ಹಿಡಿದು ನಿಲ್ಲಿಸುವುದನ್ನೂ ಕಂಡರು. ಅಂಗಸಾಧನೆಯ ಹುಚ್ಚೂ ಅವರಿಗಿತ್ತು. ಗಟ್ಟಿ ಮೈ, ಗಟ್ಟಿ ದನಿ, ಹರಿತವಾದ ಕಿವಿ. ನಟನಿಗೆ ಬೇಕಾದ ಮೂರೂ ಅವರಲ್ಲಿದ್ದವು.

ಮರಳಿ ಬಂದವರಿಗೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಗೌರವದ ಹುದ್ದೆ, ತಿಂಗಳಿಗೆ ಸರಿಯಾಗಿ ಸಂಬಳ. ಇಂದು ನಾವು ಅರ್ಜಿ ಮೇಲೆ ಅರ್ಜಿ ಹಾಕಿ ಕಾಯುತ್ತೇವಲ್ಲ, ಅಂಥದ್ದೇ. ಕೆಲವೇ ವರ್ಷಗಳಲ್ಲಿ ಅವರು ಅದನ್ನು ಬಿಟ್ಟುಬಿಟ್ಟರು. ಆಮೇಲಿನ ಬದುಕೆಲ್ಲ ನಾಟಕಕ್ಕೆ, ಹಾಡಿಗೆ, ಗೆಳೆಯರ ಕೂಟಕ್ಕೆ.

ಆಗಿನ ಕನ್ನಡ ರಂಗಭೂಮಿ ಎಂದರೆ ಕಂಪನಿ ನಾಟಕ. ಎ.ವಿ. ವರದಾಚಾರ್ಯರು, ಗುಬ್ಬಿ ವೀರಣ್ಣನವರು ಮೆರೆಯುತ್ತಿದ್ದ ಕಾಲ. ಝಗಝಗಿಸುವ ಪರದೆ, ಕಿರೀಟ, ಪುರಾಣದ ಕಥೆ, ಮಾತಿಗಿಂತ ಹೆಚ್ಚು ಹಾಡು. ಅದಕ್ಕೆ ಅದರದೇ ಸೊಗಸಿತ್ತು. ಆದರೆ ಪ್ರೇಕ್ಷಕ ತನ್ನ ಮನೆಯನ್ನು ಅಲ್ಲಿ ಕಾಣುತ್ತಿರಲಿಲ್ಲ. ಇನ್ನೊಂದು ಕಡೆ, ಬೆಂಗಳೂರಿನಲ್ಲಿ 1909ರಿಂದಲೇ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನಂಥ ಹವ್ಯಾಸಿ ತಂಡ ಕೆಲಸ ಮಾಡುತ್ತಿತ್ತು. ಕಚೇರಿ, ಕೋರ್ಟು, ಕಾಲೇಜು ಮುಗಿಸಿ ಬಂದ ವಿದ್ಯಾವಂತರು ಆಡುವ ನಾಟಕ ಅಲ್ಲಿನದು. ಕೈಲಾಸಂ ಈ ಹವ್ಯಾಸಿಗಳಿಗೆ ಹೊಸ ಬಗೆಯ ನಾಟಕ ಕೊಟ್ಟರು. ಅವರ ಪಾತ್ರಗಳು ವಕೀಲರು, ಗುಮಾಸ್ತರು, ಡಾಕ್ಟರರು, ಅವರ ಹೆಂಡಿರು, ತರಲೆ ಮಕ್ಕಳು, ಅಡುಗೆಯವರು, ಆಳುಗಳು. ಅವರಾಡುವ ಭಾಷೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಇಂಗ್ಲಿಷ್ ಬೆರೆಸಿ ಮಾತಾಡಿದರೆ ದೊಡ್ಡಸ್ತಿಕೆ ಎಂದುಕೊಂಡ ಮನೆಗಳ ಮಾತನ್ನು ಅವರು ಹಾಗೆಯೇ ಎತ್ತಿ ರಂಗದ ಮೇಲಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ, ಇದು ನಮ್ಮದೇ ಮಾತಲ್ಲವೇ ಎಂದು ಒಳಗೊಳಗೇ ನಾಚಿರಬೇಕು.

ಅವರಿಗೆ ಹೆಸರು ತಂದ 'ಟೊಳ್ಳುಗಟ್ಟಿ' ನಾಟಕವನ್ನೇ ನೋಡಿ. ಒಂದೇ ಮನೆಯ ಇಬ್ಬರು ಹುಡುಗರು. ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದು, ಅಪ್ಪನ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದು, ಮನೆಗೆಲಸದಲ್ಲಿ ಮುಂದು, ಅಪ್ಪನಿಂದ ಬೈಸಿಕೊಳ್ಳುವವನು. ಮನೆಗೆ ಬೆಂಕಿ ಬಿದ್ದ ದಿನ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಗೊತ್ತಾಗುತ್ತದೆ. ಜಾಣ ಮಗ ತನ್ನನ್ನು ನೋಡಿಕೊಂಡರೆ, ದಡ್ಡನೆನಿಸಿಕೊಂಡವನು ಮನೆಯವರ ಜೀವ ಉಳಿಸಲು ಮುನ್ನುಗ್ಗುತ್ತಾನೆ. ನೂರು ವರ್ಷಗಳ ಹಿಂದಿನ ಈ ನಾಟಕ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ನಡೆಯುವುದಕ್ಕಿಂತ ಬಹಳ ಬೇರೆಯೇನಲ್ಲ. ಇದನ್ನು ಕಟ್ಟಿದವರು ಪರೀಕ್ಷೆಯಲ್ಲಿ ಬಿದ್ದು ಸಿಟ್ಟಾದವರಲ್ಲ ಎಂಬುದನ್ನು ಗಮನಿಸಬೇಕು. ಲಂಡನ್ನಿಗೆ ಹೋಗಿ ಓದಿ ಬಂದವರು ಅಂಕಗಳಾಚೆಯ ಗಟ್ಟಿತನವನ್ನು ಎತ್ತಿ ತೋರಿಸಿದ್ದರು.

'ತಾಳಿ ಕಟ್ಟೋಕ್ಕೂಲೀನೇ' ನಾಟಕದ ಹೆಸರೇ ವರದಕ್ಷಿಣೆಗೆ ಬಿದ್ದ ಪೆಟ್ಟು. 'ಬಂಡ್ವಾಳ್ವಿಲ್ಲದ ಬಡಾಯಿ'ಯಲ್ಲಿ ಕೇಸಿಲ್ಲದ ವಕೀಲನ ಜಂಭ ಇಳಿಯುತ್ತದೆ. 'ಪೋಲಿ ಕಿಟ್ಟಿ'ಯಲ್ಲಿ ತಂಟೆಕೋರನೆನಿಸಿಕೊಂಡ ಹುಡುಗನ ಒಳ್ಳೆಯತನ ಹೊರಬರುತ್ತದೆ. 'ಸೂಳೆ' ನಾಟಕದಲ್ಲಿ ಸಮಾಜ ಮುಖ ತಿರುಗಿಸಿಕೊಳ್ಳುವ ಹೆಣ್ಣಿನ ಬದುಕನ್ನು ಮುಟ್ಟಿದರು. ಪ್ರಹಸನ ಪಿತಾಮಹ ಎಂಬ ಬಿರುದು ಅವರಿಗೆ ಅಂಟಿಕೊಂಡಿತು. ಆದರೆ ನಗು ಅವರಿಗೆ ಬಾಗಿಲು ಮಾತ್ರ. ಒಳಗೆ ಹೋದವರಿಗೆ ಕಾಣುವುದು ನೋವು.

ಹಾಡಿನಲ್ಲೂ ಇದೇ ಕಿಲಾಡಿತನ. ಮೊದಲ ಮಹಾಯುದ್ಧದ ಸಿಪಾಯಿಗಳ ಬಾಯಲ್ಲಿ ಮೆರೆದ 'ಟಿಪ್ಪರೇರಿ' ಹಾಡಿನ ಧಾಟಿಯನ್ನು ಅವರು 'ತಿಪ್ಪಾರಳ್ಳಿ'ಗೆ ತಂದರು. ಐರ್ಲೆಂಡಿನ ಊರಿನ ಹಂಬಲ ನಮ್ಮ ಹಳ್ಳಿಯ ದಾರಿ ಹಿಡಿಯಿತು. 'ಕೋಳಿಕೆ ರಂಗ' ಇನ್ನೂ ತಮಾಷೆಯದು. ಇಂಗ್ಲಿಷಿನಲ್ಲಿ ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದನೆಯ ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುತ್ತಾ ಆಡುವ ಹಾಡೊಂದಿತ್ತು. ಕೈಲಾಸಂ ಆ ಆಟವನ್ನು ಕನ್ನಡದ ಕಾಗುಣಿತಕ್ಕೆ ಹೊಂದಿಸಿದರು. ಕೂಲಿ ಮಠದಲ್ಲಿ ಮಕ್ಕಳು ಕೂಗುವ ಒತ್ತು, ಸೊನ್ನೆ, ಏತ್ವಗಳೇ ಹಾಡಿನ ತಾಳವಾದವು. ಎರವಲು ತಂದ ಧಾಟಿ ಎಂದು ಯಾರಿಗೂ ಅನ್ನಿಸದಷ್ಟು ಅದು ನಮ್ಮದಾಯಿತು. ಈ ಹಾಡುಗಳನ್ನು ನಮ್ಮಲ್ಲಿ ಹೆಚ್ಚಿನವರು ಪುಸ್ತಕದಿಂದ ಕಲಿತದ್ದಲ್ಲ, ಶಾಲೆಯ ಪ್ರವಾಸದ ಬಸ್ಸಿನಲ್ಲಿ, ಕ್ಯಾಂಪಿನಲ್ಲಿ ಬಾಯಿಂದ ಬಾಯಿಗೆ ಕಲಿತದ್ದು. ಅವು ಹುಟ್ಟಿದ್ದೂ ಹಾಗೆಯೇ ಹಾಡಿಕೊಳ್ಳುವುದಕ್ಕೆ.

ಬೆಂಗಳೂರಿನಲ್ಲಿ ತಾವಿರುತ್ತಿದ್ದ ಕೋಣೆಗೆ ಅವರು 'ನೂಕ್' ಎಂದು ಹೆಸರಿಟ್ಟಿದ್ದರು. ಮೂಲೆ ಎಂದರ್ಥ. ಸಿಗರೇಟಿನ ಹೊಗೆ, ಹರಟೆ, ಸುತ್ತ ಗೆಳೆಯರು. ಮಾತಿನ ನಡುವೆ ನಾಟಕ ಶುರುವಾಗುತ್ತಿತ್ತು. ಅಪ್ಪನೂ ಅವರೇ, ಮಗನೂ ಅವರೇ, ಅಡುಗೆಯವನೂ ಅವರೇ, ಅಜ್ಜಿಯೂ ಅವರೇ. ಒಬ್ಬರ ಗಂಟಲಿನಿಂದ ಇಡೀ ಮನೆಯೊಂದು ಎದ್ದು ಬರುತ್ತಿತ್ತು. ಕೇಳಿದವರಿಗೆ ಅದು ಪೂರ್ತಿ ನಾಟಕ. ಹೇಳಿದವರಿಗೆ ಅಲ್ಲಿಗೆ ಕೆಲಸ ಮುಗಿಯಿತು. ಕಾಗದಕ್ಕೆ ಇಳಿಸುವುದು ಅವರಿಗೆ ಒಗ್ಗದ ಕೆಲಸ. ಗೆಳೆಯರು ಹಟ ಹಿಡಿದು ಕೂರಿಸಿ ಹೇಳಿಸಿ ಬರೆದುಕೊಂಡದ್ದರಿಂದ ಎಷ್ಟೋ ನಾಟಕಗಳು ಅಚ್ಚು ಕಂಡವು.

ಇವರ ಇನ್ನೊಂದು ಮುಖ ಇಂಗ್ಲಿಷ್ ನಾಟಕಗಳದ್ದು. ನಡುಮನೆಯ ಹರಟೆಗೆ ಕನ್ನಡವನ್ನು ಬಳಸಿದವರು ಏಕಲವ್ಯ, ಕರ್ಣ, ಭರತ, ಕೀಚಕರ ಕಥೆಗೆ ಇಂಗ್ಲಿಷ್ ಹಿಡಿದರು. ದಿನವೂ ಕಿವಿಗೆ ಬೀಳುವ ಮಾತಿನಲ್ಲಿ ಪುರಾಣಪುರುಷರ ಎತ್ತರ ಕಾಣದು ಎಂಬ ಅನಿಸಿಕೆ ಅವರದು. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಆರಿಸಿಕೊಂಡ ಪಾತ್ರಗಳನ್ನು ನೋಡಿ. ಬೆರಳು ಕಳೆದುಕೊಂಡ ಏಕಲವ್ಯ, ಶಾಪ ಹೊತ್ತ ಕರ್ಣ, ಎಲ್ಲರೂ ದುಷ್ಟನೆಂದು ಬಿಟ್ಟ ಕೀಚಕ. ಕನ್ನಡದಲ್ಲಿ ಮಾಧುವಿನ ಪಕ್ಷ ವಹಿಸಿದ ಮನಸ್ಸೇ ಇಲ್ಲೂ ಸೋತವರ ಪಕ್ಷ ವಹಿಸಿದೆ. 1933ರಲ್ಲಿ 'ಬರ್ಡನ್', 1944ರಲ್ಲಿ ಏಕಲವ್ಯನ ಕಥೆಯ 'ಪರ್ಪಸ್' ಪ್ರಕಟವಾದವು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ತಮಿಳು ಮನೆಮಾತಿನ, ಇಂಗ್ಲಿಷ್ ಬೆರೆಸಿ ಕನ್ನಡ ನಾಟಕ ಕಟ್ಟಿದ, ಸ್ವಂತ ಕೈಯಿಂದ ಬರೆಯಲು ಬೇಸರಪಡುತ್ತಿದ್ದ ಮನುಷ್ಯನನ್ನು ಕನ್ನಡ ಸಾಹಿತ್ಯಲೋಕ ತನ್ನ ಎತ್ತರದ ಪೀಠದಲ್ಲಿ ಕೂರಿಸಿತು. ಮರುವರ್ಷವೇ, 1946ರ ನವೆಂಬರಿನಲ್ಲಿ, ಅವರು ತೀರಿಕೊಂಡರು.

ತೀರಿಕೊಂಡ ಮೇಲೆ ಏನಾಯಿತು ಎಂಬುದೇ ನನ್ನನ್ನು ಹೆಚ್ಚು ಕಾಡಿದ ಭಾಗ. ಕೀಚಕನ ನಾಟಕವನ್ನು ಅವರು ಗೆಳೆಯರೆದುರು ಹೇಳಿದ್ದರು, ಬರೆದಿಟ್ಟಿರಲಿಲ್ಲ. ಆಪ್ತರಾಗಿದ್ದ ಬಿ.ಎಸ್. ರಾಮರಾವ್ ಕೇಳಿದ ನೆನಪನ್ನೇ ಕೆದಕಿ ಕೆದಕಿ, ಮಾತಿಗೆ ಮಾತು ಜೋಡಿಸಿ ಅದನ್ನು ಬರೆದರು. 1949ರಲ್ಲಿ ಅದು ಪುಸ್ತಕವಾಯಿತು. ಒಬ್ಬನ ದನಿಯನ್ನು ಇನ್ನೊಬ್ಬನ ಕಿವಿ ಉಳಿಸಿತು. ಆ ಕಿವಿ ಇಲ್ಲದಿದ್ದ ದಿನಗಳಲ್ಲಿ ಹೇಳಿದ್ದೆಲ್ಲ ಆ ಕೋಣೆಯ ಹೊಗೆಯೊಂದಿಗೇ ಹೋಯಿತು.

ಕೈಲಾಸಂ ಕಥೆಯನ್ನು ನಮ್ಮ ವಯಸ್ಸಿನವರಿಗೆ ಹೇಳುವವರು ಸಾಮಾನ್ಯವಾಗಿ ಸರ್ಕಾರಿ ಕೆಲಸಕ್ಕೆ ಬೆನ್ನು ತಿರುಗಿಸಿ ಕಲೆಯನ್ನು ಅಪ್ಪಿಕೊಂಡ ಧೀರ ಎಂದು ಹೇಳಿ ಮುಗಿಸುತ್ತಾರೆ. ಕೇಳಲು ಚೆನ್ನ. ಆದರೆ ಅದು ಅರ್ಧ ಕಥೆ. ಅವರ ಬೆನ್ನಿಗೆ ನ್ಯಾಯಾಧೀಶರ ಮನೆಯಿತ್ತು, ಏಳು ವರ್ಷದ ಲಂಡನ್ನಿನ ಅನುಭವವಿತ್ತು. ಅಷ್ಟಿದ್ದೂ ನೌಕರಿ ಬಿಟ್ಟವರ ಕೈ ಬರಿದಾಯಿತು, ಬದುಕು ಚೆದುರಿತು. ಮನೆಯ ಸಾಲದ ಕಂತು ಕಟ್ಟಬೇಕಾದ ಹುಡುಗನಿಗೆ, ಹುಡುಗಿಗೆ ಅವರ ರಾಜೀನಾಮೆಯನ್ನು ಮಾದರಿಯಾಗಿ ತೋರಿಸುವುದು ಸುಲಭದ ಉಪದೇಶ. ಅವರಿಂದ ಕಲಿಯಬಹುದಾದದ್ದು ಬೇರೆ ಇದೆ. ಸುತ್ತಲಿನವರು ಆಡುವ ಮಾತಿಗೆ ಅವರು ಕಿವಿ ಕೊಟ್ಟ ರೀತಿ ಅದು. ಬಸ್ಸಿನಲ್ಲಿ, ಕ್ಯೂನಲ್ಲಿ, ಅಡುಗೆಮನೆಯಲ್ಲಿ ಕೇಳುವುದಕ್ಕೆ ಯಾವ ನೌಕರಿಯನ್ನೂ ಬಿಡಬೇಕಾಗಿಲ್ಲ.

ಇನ್ನೊಂದು ಪಾಠ ಗೆಳೆಯರದ್ದು. ಪ್ರತಿಭೆಯ ಕಥೆಗಳಲ್ಲಿ ಬರೆದುಕೊಂಡವರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ನಮ್ಮೆಲ್ಲರೊಳಗೂ ಕೈಲಾಸಂ ಇರಲಿಕ್ಕಿಲ್ಲ. ಆದರೆ ನಮ್ಮ ಹಾಸ್ಟೆಲ್ಲಿನಲ್ಲಿ, ನಮ್ಮ ಊರ ಜಗಲಿಯಲ್ಲಿ ಕಥೆ ಹೇಳುವ, ಹಾಡು ಕಟ್ಟುವ ಒಬ್ಬರಾದರೂ ಇದ್ದಾರೆ. ಇಂದು ಎಲ್ಲರ ಜೇಬಿನಲ್ಲೂ ದನಿ ಮುದ್ರಿಸುವ ಫೋನು ಇದೆ. ಆದರೂ ಅಜ್ಜಿಯ ಹಾಡು ಅಜ್ಜಿಯೊಂದಿಗೇ ಹೋಗುತ್ತಿದೆ. ರಾಮರಾವ್ ಅವರ ಬಳಿ ಇದ್ದದ್ದು ನೆನಪು ಮತ್ತು ಹಟ, ಎರಡೇ.

ಮುಂದೆ 1980ರ ದಶಕದಲ್ಲಿ ಸಿ.ಆರ್. ಸಿಂಹ 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ನಾಟಕದಲ್ಲಿ ತಾವೊಬ್ಬರೇ ರಂಗದ ಮೇಲೆ ನಿಂತು ಕೈಲಾಸಂ ಆದರು. ಗೆಳೆಯರು ಬರೆದುಕೊಂಡದ್ದು ಅಚ್ಚಾಗಿತ್ತು. ಅಚ್ಚಾದದ್ದು ಮತ್ತೆ ಒಬ್ಬ ನಟನ ಗಂಟಲಿಗೆ ಬಂತು. ನಮ್ಮ ವಾರ್ಷಿಕೋತ್ಸವದಲ್ಲಿ ಯಾರೋ ಮಾಧು ಆಗಿ ನಿಂತು ಮೊದಲ ಮಾತು ಆಡುವಾಗ, ಆ ಸಾಲಿನ ತುದಿಯಲ್ಲಿ ನಾವೂ ನಿಂತಿರುತ್ತೇವೆ.