ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ ಕಿರ್ಲೋಸ್ಕರರು



ಮಿರಜದಿಂದ ಪುಣೆಯ ಕಡೆಗೆ ಹೊರಟ ರೈಲು ಸಾಂಗಲಿ, ಭಿಲವಡಿಗಳನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಹಿಂದೆ ಇದರ ಹೆಸರು ಕುಂಡಲ ರೋಡ ಎಂದಿತ್ತು. ರೈಲು ನಿಲ್ದಾಣದ ಹೆಸರೇ ಬದಲಾಗುವಂಥ ಕೆಲಸ ಮಾಡಿದ ಆ ಮಹನೀಯರು ಕನ್ನಡ ನಾಡಿನಲ್ಲಿ ಹುಟ್ಟಿದವರೆಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿರಲಿಕ್ಕಿಲ್ಲ.

ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಶಾಲೆಯ ಪಾಠಗಳಲ್ಲಿ ಅವರ ಮನಸ್ಸು ನಿಲ್ಲುತ್ತಿರಲಿಲ್ಲ. ಚಿತ್ರಕಲೆ ಮತ್ತು ಯಂತ್ರಗಳು, ಇವೆರಡೇ ಅವರ ಹುಚ್ಚು. 1885ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಲಿತ ಮೇಲೆ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಹೊರಟವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆದರೆ ಅವರು ಊರಿಗೆ ಮರಳಲಿಲ್ಲ. ಕುಂಚವನ್ನು ಕೆಳಗಿಟ್ಟು ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಯನ್ನು ಹಿಡಿದರು. ಮುಂದೆ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದೇ ವಿಷಯದ ಶಿಕ್ಷಕರಾದರು.

1888ರಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಕೂಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವನು, ಅಣ್ಣ ಬೆಳಗಾವಿಯಲ್ಲಿ ಮಾರುವನು. ಸೈಕಲ್ಲನ್ನೇ ಕಂಡಿರದ ಜನರಿಗೆ ಅದನ್ನು ಮಾರುವುದೆಂದರೆ ಹತ್ತಿ ಓಡಿಸುವುದನ್ನೂ ಕಲಿಸಬೇಕು. ರಾಮುಅಣ್ಣನವರು ಆ ಕೆಲಸವನ್ನೂ ಮಾಡಿದರು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ನ್ಯಾಯವಾಗಿ ತಮಗೆ ಬರಬೇಕಾದ ಬಡ್ತಿಯು ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದು, ಸಣ್ಣದೊಂದು ಕಾರಖಾನೆ ಹಾಕಿದರು. ಮೇವು ಕತ್ತರಿಸುವ ಯಂತ್ರಗಳನ್ನು ಮಾಡಿದರು. ಜೋಳದ ಕಣಿಕೆಯನ್ನು ಹಾಗೆಯೇ ಹಾಕಿದರೆ ದನಗಳು ಎಲೆ ತಿಂದು ದಂಟು ಬಿಡುತ್ತವೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆ ಸೇರುತ್ತದೆ. ಇದರ ಲಾಭ ರೈತನಿಗೆ ಅಂದೇ ಸಂಜೆ ಗೋದಲಿಯಲ್ಲಿ ಕಾಣುವಂಥದು.

ಅನಂತರ ಅವರು ಕೈಗೆತ್ತಿಕೊಂಡದ್ದು ಕಬ್ಬಿಣದ ನೇಗಿಲು. ಪರದೇಶದ ನೇಗಿಲುಗಳು ಆಗಲೇ ನಮ್ಮ ದೇಶಕ್ಕೆ ಬರತೊಡಗಿದ್ದವು. ಅಂಥದನ್ನು ಇಲ್ಲಿಯೇ ಮಾಡಬೇಕೆಂಬ ಸ್ಫೂರ್ತಿ ಅವರದು. ನೇಗಿಲು ತಯಾರಾಯಿತು. ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೇಳಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಸಾಲ ತಂದು ದುಡಿಯುವ ಮನುಷ್ಯನಿಗೆ ಎರಡು ವರ್ಷವೆಂದರೇನೆಂಬುದನ್ನು ಪಾಲಕರು ಬಲ್ಲರು.

ಈ ಕಥೆಯನ್ನು ಹೇಳುವವರೆಲ್ಲ ರೈತರ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಹಳೆಯ ಕಟ್ಟಿಗೆಯ ರಂಟೆಯ ತುದಿಗೂ ಕಬ್ಬಿಣದ ಕುಳವೇ ಇತ್ತಲ್ಲವೆ? ಅದು ಭೂಮಿಗೆ ವಿಷವಾಗಿರಲಿಲ್ಲ. ಹಾಗಾದರೆ ರೈತ ಅಂಜಿದ್ದು ಯಾತಕ್ಕೆ? ಅವನ ರಂಟೆ ಜಾಲಿಯ ಕಟ್ಟಿಗೆಯದು. ಈಸು ಮುರಿದರೆ ಊರ ಬಡಿಗೇರ, ಕುಳ ಸವೆದರೆ ಊರ ಕಂಬಾರ. ಅವರಿಗೆ ಸುಗ್ಗಿಯಲ್ಲಿ ಕಾಳು ಅಳೆದರಾಯಿತು. ಎರಕದ ನೇಗಿಲು ನಡುಹೊಲದಲ್ಲಿ ಒಡೆದರೆ ಯಾರ ಬಳಿಗೆ ಓಡಬೇಕು? ಅದನ್ನೆಳೆಯಲು ಎತ್ತುಗಳು ಹೆಚ್ಚು ಬೇಕು. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇದ್ದಿರಬೇಕು.

ಇದಕ್ಕೆ ಪ್ರತಿಯಾಗಿ ಅಮೆರಿಕೆಯ ಜಾನ್ ಡೀರ್ ಎಂಬವನನ್ನು ನೋಡಿರಿ. ಅವನು ಹಳ್ಳಿಯ ಕಮ್ಮಾರ. ಇಲಿನಾಯ್ ಪ್ರಾಂತದ ಅಂಟುಮಣ್ಣು ನೇಗಿಲಿಗೆ ಮೆತ್ತಿಕೊಂಡು ರೈತರು ಹೆಜ್ಜೆಹೆಜ್ಜೆಗೂ ನಿಂತು ಕೆರೆಯಬೇಕಾಗುವ ಕಷ್ಟ ಅವನಿಗೆ ಚೆನ್ನಾಗಿ ಗೊತ್ತಿತ್ತು. 1837ರಲ್ಲಿ ಅವನು ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ. ಅಲ್ಲಿ ರೈತನ ಕಷ್ಟ ಮೊದಲು, ನೇಗಿಲು ಆಮೇಲೆ. ಲಕ್ಷ್ಮಣರಾಯರಲ್ಲಿ ನೇಗಿಲು ಮೊದಲು ಬಂದಿತು, ರೈತನನ್ನು ಅರಿಯುವುದು ಆಮೇಲೆ ಬಂದಿತು. ಹಾಗೆಂದು ಅವರು ಮೊದಲೇ ಊರೂರು ತಿರುಗಿ ಕೇಳಿದ್ದರೆ, ಕಬ್ಬಿಣದ ನೇಗಿಲು ಬೇಕೆಂದು ಯಾವ ರೈತ ಹೇಳುತ್ತಿದ್ದ? ಇನ್ನಷ್ಟು ಗಟ್ಟಿಯಾದ ಜಾಲಿಯ ರಂಟೆ ಬೇಕೆಂದು ಹೇಳುತ್ತಿದ್ದ, ಅಷ್ಟೇ. ಕಾಣದ ವಸ್ತುವನ್ನು ಕೇಳುವುದು ಯಾರಿಂದಲೂ ಆಗದು.

ಸೈಕಲ್ಲಿನಂತೆ ನೇಗಿಲನ್ನೂ ಹೂಡಿ ತೋರಿಸಬೇಕಾಗಿತ್ತು. ಕಟ್ಟಿಗೆಯ ರಂಟೆ ಮಣ್ಣನ್ನು ಸೀಳುತ್ತದೆ, ಸಾಲುಗಳ ನಡುವೆ ನೆಲ ಹಾಗೆಯೇ ಉಳಿಯುವುದರಿಂದ ಅಡ್ಡಡ್ಡ ಮತ್ತೆ ಹೊಡೆಯಬೇಕು. ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ, ಎರೆ ಭೂಮಿಯ ಕರಿಕೆ ಬೇರುಸಹಿತ ಮೇಲೆ ಬರುತ್ತದೆ. ಒಬ್ಬ ಕೊಂಡವನ ಹೊಲವನ್ನು ಬದುವಿನ ಮೇಲೆ ನಿಂತು ನೆರೆಯವನು ನೋಡುತ್ತಾನೆ. ಇಷ್ಟು ಒಳ್ಳೆಯ ಜಾಹೀರಾತು ಬೇರೆ ಇಲ್ಲ.

ಅಷ್ಟರಲ್ಲಿ ಬೆಳಗಾವಿಯ ಪುರಸಭೆಯಿಂದ ನಿರ್ಬಂಧ ಬಂದು ಕಾರಖಾನೆಯ ಜಾಗ ಬಿಡಬೇಕಾಯಿತು. ಔಂಧ ಸಂಸ್ಥಾನದ ಅಧಿಪತಿಗಳು ಬಡ್ಡಿಯಿಲ್ಲದ 10,000 ರೂಪಾಯಿ ಸಾಲ ಕೊಟ್ಟು, ತಮ್ಮ ಸೀಮೆಯಲ್ಲಿ ಬೇಕಾದ ಸ್ಥಳವನ್ನು ಆರಿಸಿಕೊಳ್ಳಲು ಹೇಳಿದರು. ಕುಂಡಲ ರೋಡ ನಿಲ್ದಾಣದ ಬಳಿ ಪಾಪಾಸುಕಳ್ಳಿ ಬೆಳೆದು ಹಾವು ತುಂಬಿದ 32 ಎಕರೆ ಬರಡು ನೆಲವನ್ನು ಲಕ್ಷ್ಮಣರಾಯರು ಆರಿಸಿದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಪೇಟೆ ಬಿಟ್ಟು ಇಲ್ಲಿಗೆ ಬಂದದ್ದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ಕಾರಖಾನೆಯ ಬಾಗಿಲು ತೆರೆದರೆ ಎದುರಿಗೆ ಹೊಲ, ಹೊಲದಲ್ಲಿ ರೈತ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ರಾತ್ರಿಯ ಕಾವಲಿಗೆ ನೇಮಿಸಿಕೊಂಡ ಧೈರ್ಯವೂ ಅವರದೇ.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಶಂಕರರಾವ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಒಂದು ಮರಾಠಿ ಮಾಸಿಕವೂ ಹೊರಟಿತು. ಕಬ್ಬಿನ ಗಾಣಗಳು ಬಂದವು. 1926ರಲ್ಲಿ ಪಂಪುಗಳು ಬಂದವು. ಕೃಷ್ಣೆಯ ದಂಡೆಯ ಬಾವಿಗಳಲ್ಲಿ ಎತ್ತುಗಳು ಕಪಿಲೆಯ ಹಗ್ಗ ಜಗ್ಗುವುದನ್ನು ದಿನವೂ ಕಾಣುವವರಿಗೆ ಪಂಪಿನ ಅವಶ್ಯಕತೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ವರ್ಷ ಮಗ ಶಂತನುರಾಯರು ಅಮೆರಿಕೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರಖಾನೆ ಸ್ಥಾಪನೆಯಾಗಿ ಈ ಮನೆತನದ ಉದ್ಯಮ ಕನ್ನಡ ನಾಡಿಗೆ ಮತ್ತೆ ಬಂದಿತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಕಿರ್ಲೋಸ್ಕರವಾಡಿಯ ಕಾರಖಾನೆಯಲ್ಲಿ ಈಗ ಮುಖ್ಯವಾಗಿ ಪಂಪುಗಳು ತಯಾರಾಗುತ್ತವೆ.